ಎಳೆಯರಿಗಾಗಿ ಮರುಹೇಳಿದ ಸಾಹಸಕಥೆ ಮತ್ತು ಇತಿಹಾಸ

ದೊಡ್ಡವರಿಗೆಂದು ಹುಟ್ಟಿದ ಸಾಹಸಕಥೆ, ಪುರಾಣ, ನಾಟಕ ಮತ್ತು ಇತಿಹಾಸವನ್ನು ಓದಿನಲ್ಲಿ ಪಳಗಿದ ಮಕ್ಕಳಿಗಾಗಿ ಮತ್ತೆ ಬರೆಯುವ ಸಾಹಿತ್ಯ ಪ್ರಕಾರ. ಯುರೋಪಿನಲ್ಲಿ ಇದರ ಬೆಳವಣಿಗೆಯನ್ನು ಡೇನಿಯಲ್ ಡೆಫೋನ ‘ರಾಬಿನ್ಸನ್ ಕ್ರೂಸೋ’ದಿಂದ ಗುರುತಿಸಬಹುದು. 1719ರಲ್ಲಿ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾದ ವರ್ಷವೇ ಅದರ ಕಳ್ಳ ಸಂಗ್ರಹವೊಂದು ಮಾರಾಟಕ್ಕೆ ಬಂತು. 1762ರಲ್ಲಿ ರೂಸೋ ತನ್ನ ‘ಎಮಿಲ್’ ಗ್ರಂಥದಲ್ಲಿ, ಹುಡುಗನ ಕೈಗೆ ಮೊದಲು ಕೊಡತಕ್ಕ ಪುಸ್ತಕ ಇದೇ ಎಂದ. ಆ ಮಾತಿನಿಂದ ಪ್ರೇರಿತನಾದ ಜರ್ಮನ್ ಶಿಕ್ಷಕ ಯೋಆಖಿಮ್ ಕಾಂಪೆ 1779ರಲ್ಲಿ ಕಥೆಯನ್ನು ತಂದೆ ಮಕ್ಕಳಿಗೆ ಸಂಜೆ ಸಂಜೆ ಹೇಳುವ ಸಂವಾದವಾಗಿಸಿದ. ಡೆಫೋನ ನಾಯಕ ಒಡೆದ ಹಡಗಿನಿಂದ ಉಪಕರಣಗಳನ್ನು ಸಾಗಿಸಿಕೊಂಡರೆ, ಕಾಂಪೆಯ ಹುಡುಗ ಬರಿಗೈಯಲ್ಲೇ ಬದುಕಲು ಕಲಿಯಬೇಕು. ಪಾಠ ಹೆಚ್ಚಿತು, ಸಾಹಸದ ಬಿಸಿ ತುಸು ಆರಿತು.

1807ರಲ್ಲಿ ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಶೇಕ್ಸ್‌ಪಿಯರನ 20 ನಾಟಕಗಳನ್ನು ಗದ್ಯಕಥೆಗಳಾಗಿ ಹೇಳಿದರು. ದುರಂತ ನಾಟಕಗಳು ತಮ್ಮನ ಪಾಲಿಗೆ, ಉಳಿದ 14 ಅಕ್ಕನ ಪಾಲಿಗೆ. ಹೆಚ್ಚು ಭಾಗ ಮೇರಿಯದಾದರೂ ಮೊದಲ ಮುದ್ರಣದಲ್ಲಿ ಇದ್ದದ್ದು ಚಾರ್ಲ್ಸನ ಹೆಸರೊಂದೇ. ತಂದೆಯ ಗ್ರಂಥಭಂಡಾರ ಗಂಡುಮಕ್ಕಳಿಗೆ ಬೇಗ ತೆರೆಯುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಬರೆದ ಕೃತಿಯಿದು. ಶೇಕ್ಸ್‌ಪಿಯರನ ಮಾತುಗಳನ್ನು ಆದಷ್ಟೂ ಉಳಿಸಿಕೊಂಡಿದ್ದು ಇದರ ಹಿರಿಮೆ. ಆದರೆ ಕಳೆದುಕೊಂಡದ್ದೂ ಉಂಟು: ‘ಟ್ವೆಲ್ಫ್ತ್ ನೈಟ್’ನಲ್ಲಿ ಮಾಲ್ವೋಲಿಯೋ ಸುಳಿಯುವುದೇ ಇಲ್ಲ, ‘ಜೂಲಿಯಸ್ ಸೀಸರ್’ ಪೂರ್ತಿ ಹೊರಗುಳಿಯಿತು.

ಈ ಪ್ರಕಾರದ ನಿಜವಾದ ತಿರುವು ವಾಲ್ಟರ್ ಸ್ಕಾಟ್‌ನದು. ಸಾಲದಲ್ಲಿ ಮುಳುಗಿ ಹಗಲಿರುಳು ಬರೆಯುತ್ತಿದ್ದ ಆತ 1827ರಲ್ಲಿ ಕಾಯಿಲೆಯ ಮೊಮ್ಮಗನಿಗೆಂದು ಸ್ಕಾಟ್ಲೆಂಡಿನ ಇತಿಹಾಸವನ್ನು ‘ಟೇಲ್ಸ್ ಆಫ್ ಎ ಗ್ರ್ಯಾಂಡ್‌ಫಾದರ್’ ಎಂಬ ಹೆಸರಿನಲ್ಲಿ ಕಥೆಗಳಾಗಿ ಬರೆದ. ಮೊದಲು ಪುಟ್ಟ ಮಗುವಿಗೆ ಹೊಂದುವ ತೀರ ಸುಲಭದ ಶೈಲಿ ಹಿಡಿದವನು, ಬರೆಯುತ್ತ ಬರೆಯುತ್ತ ಅದನ್ನು ಬಿಟ್ಟುಕೊಟ್ಟ. ತಮ್ಮ ಮಟ್ಟಕ್ಕೆ ಇಳಿದು ಮಾತಾಡುವ ಪುಸ್ತಕವನ್ನು ಮಕ್ಕಳು ಇಷ್ಟಪಡುವುದಿಲ್ಲ, ತುಸು ಎಟುಕದಂತಿರುವುದನ್ನೇ ಆಸೆಪಟ್ಟು ಓದುತ್ತಾರೆ ಎಂಬುದು ಆತನ ಅನುಭವ. ಮ್ಯಾಕ್‌ಬೆತ್, ವ್ಯಾಲೇಸ್, ಬ್ರೂಸ್‌ರ ಕದನ ಮತ್ತು ದ್ರೋಹಗಳನ್ನು ಮರೆಮಾಚದೆ ಹೇಳಿದ್ದು ಈ ನಂಬಿಕೆಯಿಂದಲೇ. 1830ರ ಹೊತ್ತಿಗೆ ಫ್ರಾನ್ಸಿನ ಇತಿಹಾಸವೂ ಸೇರಿ ನಾಲ್ಕು ಮಾಲಿಕೆಗಳು ಬಂದವು. ಮರುವರ್ಷ ಬಾಲಕ ತೀರಿಕೊಂಡ. ಮಕ್ಕಳಿಗೆ ಬರೆಯುವವರು ಇಂದಿಗೂ ಸ್ಕಾಟ್‌ನ ಈ ಅನುಭವವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಅಮೆರಿಕದ ಹಾಥಾರ್ನ್ (1851) ಮತ್ತು ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್ಸ್‌ಲಿ (1856) ಗ್ರೀಕ್ ಪುರಾಣಗಳನ್ನು ಮಕ್ಕಳಿಗಾಗಿ ಮರುಹೇಳಿದರು. 1941ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಕ್ಯಾಂಟರ್ ಅಭಿಜಾತ ಕೃತಿಗಳನ್ನು ಚಿತ್ರಕಥೆಗಳಾಗಿಸಿದ.

ಭಾರತದಲ್ಲಿ ಈ ಚಿತ್ರಕಥೆಯ ದಾರಿ ಹಿಡಿದ ‘ಅಮರ ಚಿತ್ರಕಥೆ’ ಮಾಲೆ ಶುರುವಾದದ್ದು ಕನ್ನಡದಲ್ಲಿ. ಅದರ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು, ಅನಂತ ಪೈ ಅವರ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಈ ಕಾರಣದಿಂದ. ಚಿತ್ರಗಳ ನೆರವಿಲ್ಲದೆ ಓದಬಲ್ಲ ಮಕ್ಕಳಿಗಾಗಿ 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾವ್ ಸಂಪಾದಕತ್ವದ ‘ಭಾರತ ಭಾರತಿ’ ಕಿರುಹೊತ್ತಗೆಗಳು ಬಂದವು. ರಾಷ್ಟ್ರೋತ್ಥಾನ ಹೊರತಂದ ಈ ಮಾಲೆಯಲ್ಲಿ ಇರುವುದು 510 ಪುಸ್ತಕಗಳು.