ಜೋಳದಪಾಳಿಯ ಕಾಲಾಳುಗಳು

ರಾಯಚೂರಿನ ಕಾಳಗವೆಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವವನು ಕೃಷ್ಣದೇವರಾಯ. ಅವನ ಇದಿರಾಳಿಯಾಗಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹ. 1520ರ ಮೇ 19ರಂದು ಈ ಇಬ್ಬರ ನಡುವೆ ಯುದ್ಧವಾಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಾದಿದವರು ಇವರಿಬ್ಬರೇ ಏನೋ ಎಂಬಂತೆ! ಆ ಅರಸರ ಹಿಂದೆ, ಬಹುಮಟ್ಟಿಗೆ ಅವರ ಮುಂದೆಯೇ ನಿಂತು ಮಣ್ಣುಗೂಡಿದ ಕಾಲಾಳುಗಳನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಇಂದಿನ ಉದ್ದೇಶ.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಎಡೆದೊರೆ ನಾಡು, ಅಂದರೆ ರಾಯಚೂರು, ಮಾನ್ವಿ, ದೇವದುರ್ಗ, ಮುದಗಲ್ಲುಗಳ ಸೀಮೆ, ಬಹಮನಿ ಸುಲ್ತಾನರ ಕಾಲದಿಂದಲೂ ಎರಡು ರಾಜ್ಯಗಳ ಎಳೆದಾಟಕ್ಕೆ ಸಿಕ್ಕಿದ ನೆಲ. ಒಬ್ಬನ ಆಳಿಕೆಯಲ್ಲಿ ಬಿತ್ತಿದ ಜೋಳವನ್ನು ಇನ್ನೊಬ್ಬನ ಆಳಿಕೆಯಲ್ಲಿ ಕೊಯ್ಯುವುದು ಇಲ್ಲಿನ ಒಕ್ಕಲಿಗನಿಗೆ ಹೊಸತೇನಲ್ಲ. ಹೀಗಿರುವಾಗ ಇಲ್ಲಿನ ಆಳು ಯಾರ ಪಕ್ಷ?

ಹಳಗನ್ನಡದಲ್ಲಿ ಇದಕ್ಕೊಂದು ಮಾತುಂಟು: ಜೋಳದಪಾಳಿ. ತಿಂದ ಜೋಳಕ್ಕೆ ತಲೆಗೊಡುವ ಕಟ್ಟಳೆ ಅದು. ಹತ್ತನೆಯ ಶತಮಾನದ ಪಂಪನ ಕರ್ಣನನ್ನು ಕೌರವನ ಪಾಳೆಯದಲ್ಲಿ ಹಿಡಿದು ನಿಲ್ಲಿಸುವುದೂ ಈ ಋಣವೇ. ಒಡಹುಟ್ಟಿದವರು ಎದುರಿಗಿದ್ದಾರೆಂದು ತಿಳಿದ ಮೇಲೂ ಅವನು ಕದಲುವುದಿಲ್ಲ. ಅಕ್ಕಿಯ ನಾಡಿನವರಿಗೆ ಇದು ಬರಿಯ ಅಲಂಕಾರವಾಗಿ ತೋರಬಹುದು. ಜೋಳದ ರೊಟ್ಟಿ ತಿಂದು ಬೆಳೆದ ನನ್ನಂಥವನಿಗೆ ಹಾಗಲ್ಲ. ಕಾಲಾಳಿನ ನಿಷ್ಠೆ ಧ್ವಜಕ್ಕಿಂತ, ಧರ್ಮಕ್ಕಿಂತ ಹೆಚ್ಚಾಗಿ ಅನ್ನಕ್ಕೆ ಕಟ್ಟುಬಿದ್ದದ್ದು ಎಂದೇ ನನ್ನ ಎಣಿಕೆ. ವಿಜಯನಗರದ ಸೈನ್ಯದಲ್ಲಿ ಎರಡನೆಯ ದೇವರಾಯನ ಕಾಲದಿಂದಲೇ ಮುಸಲ್ಮಾನ ಬಿಲ್ಗಾರರಿದ್ದರು. ಇತ್ತ ಆದಿಲಶಾಹನೊಡನೆ ಬಂದ 1,20,000 ಕಾಲಾಳುಗಳು ಕಡಲಾಚೆಯಿಂದ ಇಳಿದವರಲ್ಲವಷ್ಟೆ. ಅವರಲ್ಲಿ ಬಹುಪಾಲು ಈ ದಖ್ಖನಿನ ಹಳ್ಳಿಗಳವರೇ ಆಗಿರಬೇಕು. ಆ ದೃಷ್ಟಿಯಿಂದ ನೋಡಿದರೆ ಇದೂ ಒಂದು ದಾಯಾದಿ ಕಲಹವೇ.

ಮೇಲಿನ ಸಂಖ್ಯೆ ಕೊಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ಕಾಳಗವಾಗಿ ಹದಿನೈದು ವರ್ಷಗಳ ಮೇಲೆ ಅವನು ಬರೆದ ವೃತ್ತಾಂತವನ್ನು 1900ರಲ್ಲಿ ರಾಬರ್ಟ್ ಸಿವೆಲ್ ಬೆಳಕಿಗೆ ತಂದರು. ರಾಯನ ಕಡೆಯ ಕಾಲಾಳುಗಳ ಲೆಕ್ಕ ಅವನಲ್ಲಿ ಏಳು ಲಕ್ಷವನ್ನು ಮೀರುತ್ತದೆ. ಅಷ್ಟನ್ನೂ ನಂಬುವುದು ಕಷ್ಟ. ಆದರೆ ಸಣ್ಣ ಸಂಗತಿಗಳನ್ನು ಅವನು ಹೇಳುವಾಗ ಮಾತ್ರ ಕಿವಿಗೊಡಬೇಕು. ದಂಡಿನೊಡನೆ ಹನ್ನೆರಡು ಸಾವಿರ ನೀರಾಳುಗಳು ತೊಗಲಿನ ಚೀಲ ಹೊತ್ತು, ಯಾರೂ ಬಾಯಾರಿ ಸಾಯದಿರಲೆಂದು ದಾರಿಯುದ್ದಕ್ಕೂ ನೀರು ಕೊಡುತ್ತಿದ್ದರಂತೆ. ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಪಾಳೆಯದಲ್ಲಿ ಅಗಸರಿದ್ದರು, ಕುಶಲಕರ್ಮಿಗಳಿದ್ದರು, ಬೇಕಾದುದೆಲ್ಲ ಸಿಗುವ ಪೇಟೆಗಳಿದ್ದವು. ಆಳಿನ ಮೈಮೇಲೆ ಹತ್ತಿ ತುಂಬಿ ಹೊಲಿದ ಅಂಗಿ, ಕೈಯಲ್ಲಿ ಮೈಯನ್ನೆಲ್ಲ ಮರೆಮಾಡುವಷ್ಟು ದೊಡ್ಡ ಗುರಾಣಿ.

ಸಮೀಪದ ಮಲಿಯಾಬಾದಿನಲ್ಲಿ ಬೀಡುಬಿಟ್ಟು ರಾಯನು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ 8,000 ಮಂದಿ ಕಾವಲು, ಇನ್ನೂರು ದೊಡ್ಡ ಫಿರಂಗಿಗಳು, ಮೂವತ್ತು ಕಲ್ಲೆಸೆಯುವ ಯಂತ್ರಗಳು. ಹೊರಗಿನವರ ಕೈಯಲ್ಲಿ ಹಾರೆ, ಗುದ್ದಲಿ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ನಾಯಕರು ಅದರ ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತು ಪಣದವರೆಗೂ ಕೊಟ್ಟು ಕೊಳ್ಳುತ್ತಿದ್ದರು. ಇದನ್ನು ಓದುವಾಗಲೆಲ್ಲ ನಾನು ತಡೆದು ನಿಲ್ಲುತ್ತೇನೆ. ಮೇಲಿನಿಂದ ಗುಂಡು ಬೀಳುತ್ತಿರುವಾಗ ಸಣ್ಣ ಕಲ್ಲಿಗೆ ಕೈಹಾಕಿ ಬೇಗನೆ ಹಿಂದಿರುಗುವುದೋ, ಇಲ್ಲವೆ ದೊಡ್ಡದನ್ನೇ ಮೀಟುವುದೋ? ಮನೆಯಲ್ಲಿ ಮಕ್ಕಳಿದ್ದವನು ಯಾವುದನ್ನು ಆರಿಸಿಕೊಂಡಿರಬಹುದು?

ಕಾಳಗದ ದಿನ ಆದಿಲಶಾಹನ ಫಿರಂಗಿಗಳೆಲ್ಲ ಒಮ್ಮೆಗೇ ಸಿಡಿದು ರಾಯನ ಮುಂಪಡೆ ಮುರಿಯಿತು. ಆಗ ರಾಯನು ತಾನೇ ಕುದುರೆಯೇರಿ ನುಗ್ಗಿದ ಕಥೆ ನಿಮಗೆ ಗೊತ್ತಿರುವಂಥದು. ಸೋತವರನ್ನು ಕೃಷ್ಣಾ ನದಿಯವರೆಗೂ ಅಟ್ಟಿಕೊಂಡು ಹೋದರು. ನೀರಿನಲ್ಲಿ ಸಾಯುತ್ತಿದ್ದವರನ್ನು ಕಂಡು, ಸಾವಿಗೆ ಅರ್ಹರಲ್ಲದ, ತಪ್ಪಿಲ್ಲದ ಎಷ್ಟೋ ಮಂದಿ ಸತ್ತರೆಂದು ರಾಯನು ಕನಿಕರಪಟ್ಟು ದಂಡನ್ನು ಹಿಂದಕ್ಕೆ ಕರೆಸಿದನೆಂದು ನ್ಯೂನಿಜ್ ಬರೆಯುತ್ತಾನೆ. ಅವನ ಇಡೀ ಬರಹದಲ್ಲಿ ನನಗೆ ದೊಡ್ಡದೆನಿಸುವುದು ಈ ಜಾಗ. ರಾಯನ ಕಡೆಯಲ್ಲೇ ಸತ್ತವರು ಹದಿನಾರು ಸಾವಿರಕ್ಕೆ ಮಿಗಿಲಂತೆ. ಅವರಲ್ಲಿ ಕಾಲಾಳು ಒಬ್ಬನ ಹೆಸರನ್ನೂ ಅವನು ಹೇಳುವುದಿಲ್ಲ.

ಇದಕ್ಕಿಂತ ಹಿಂದಿನ ನಮ್ಮ ಹಳ್ಳಿಗಳ ರೀತಿ ಬೇರೆಯಿತ್ತು. ತುರುಗಳನ್ನು ಬಿಡಿಸಹೋಗಿ ಸತ್ತ ಒಬ್ಬನೇ ಆಳಿಗೂ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ನೆಲ ಬಿಡುತ್ತಿದ್ದರು. ಚಿಕ್ಕ ಜಗಳದಲ್ಲಿ ಮಡಿದವನಿಗೆ ಹೆಸರು, ಮಹಾಯುದ್ಧದಲ್ಲಿ ಮಡಿದವನಿಗೆ ಸಂಖ್ಯೆ! ಮುಂದೆ ದೇವದುರ್ಗ, ಸುರಪುರಗಳ ಸೀಮೆಯ ಬೇಡರ ಪಡೆ 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನ ದಂಡನ್ನೇ ತಡೆದು ನಿಲ್ಲಿಸಿತು. ಅಲ್ಲಿಯೂ ಇತಿಹಾಸಕ್ಕೆ ನೆನಪಿರುವುದು ಪಿಡ್ಡನಾಯಕನ ಹೆಸರು.

ರಾಯಚೂರಿನ ಕೋಟೆಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲುಂಟು. ಮೇಲಿರುವುದು ಕಾಕತೀಯರ ಕಾಲದ, 1294ರ ಶಾಸನ. ಗೋರೆ ಗನ್ನಯ್ಯ ರೆಡ್ಡಿಯ ದಂಡನಾಯಕ ವಿಠಲನು ಆದವಾನಿ, ಮಾನ್ವಿ ಮೊದಲಾದ ಕೋಟೆಗಳನ್ನು ಗೆದ್ದು ರಾಯಚೂರಿನಲ್ಲಿ ಕೋಟೆ ಕಟ್ಟಿಸಿದನೆಂದು ಅದು ಸಾರುತ್ತದೆ. ಅಲ್ಲಿಗೆ ಹೋದವರು ಅಕ್ಷರಗಳನ್ನು ಓದಲು ಬಾರದಿದ್ದರೂ ಚಿಂತೆಯಿಲ್ಲ, ಜೊತೆಗೆ ಕೊರೆದಿರುವ ಚಿತ್ರವನ್ನು ನೋಡಬೇಕು. ಅದೇ ಕಲ್ಲನ್ನು ಬಂಡಿಯ ಮೇಲೇರಿಸಿ, ಸಾಲುಸಾಲು ಕೋಣಗಳನ್ನು ಹೂಡಿ ಎಳೆಸುತ್ತಿದ್ದಾರೆ. ಕೆಲವರು ಕೋಣಗಳನ್ನು ಹುರಿದುಂಬಿಸುತ್ತಿದ್ದಾರೆ. ಹಿಂದೆ ಇನ್ನು ಕೆಲವರು ಗಾಲಿಯ ಅಡಿಗೆ ಮೀಟುಗೋಲು ಕೊಟ್ಟು ನೂಕುತ್ತಿದ್ದಾರೆ.