ನಾಯಿಗೂಡಿನ ನೆಲ

ನಾಯಿಗೂಡು, ತಳಿ ಕೇಂದ್ರ ಹಾಗೂ ಆಶ್ರಯತಾಣಗಳಲ್ಲಿ ನಾಯಿಗಳು ಮಲಗಲು, ಓಡಾಡಲು ಹಾಕುವ ನೆಲಗಟ್ಟು. ಮಣ್ಣಿನ ನೆಲ ಕಾಲಿಗೆ ಹಿತ; ಆದರೆ ತೇವವಿದ್ದಲ್ಲಿ ಕೊಕ್ಕೆಹುಳುವಿನ ಮರಿಗಳು ಉಳಿಯುತ್ತವೆ, ಪಾರ್ವೋ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಬ್ಲೀಚ್ ದ್ರಾವಣದಿಂದ ತೊಳೆಯಬಹುದಾದ ಕಾಂಕ್ರೀಟ್ ಹೆಚ್ಚು ಬಳಕೆಯಲ್ಲಿದೆ. ಬರಿಯ ಕಾಂಕ್ರೀಟ್ ಮೂತ್ರ ಹೀರಿ ವಾಸನೆ ಹಿಡಿಯುವುದರಿಂದ ಎಪಾಕ್ಸಿ ಲೇಪ ಬೇಕು; ಲೇಪದಲ್ಲಿ ಸಣ್ಣ ಮರಳು ಸೇರಿಸಿದರೆ ಒದ್ದೆಯಾದಾಗಲೂ ಕಾಲು ಜಾರದು. ನೆಲವನ್ನು ಚರಂಡಿಯತ್ತ ಇಳಿಜಾರಾಗಿಸಿ, ಗೋಡೆ ಕೂಡುವ ಅಂಚನ್ನು ಕೊಳೆ ಕೂರದಂತೆ ದುಂಡಾಗಿ ತಿದ್ದುತ್ತಾರೆ. ತಂತಿಜಾಲರಿಯ ನೆಲ ಪಾದಕ್ಕೆ ಗಾಯ ಮಾಡುವುದರಿಂದ ಸಲ್ಲದು. ಗಟ್ಟಿನೆಲದ ಮೇಲೆ ಸದಾ ಮಲಗುವ ದೊಡ್ಡ ತಳಿಗಳಿಗೆ ಮೊಣಕೈ ಜಡ್ಡುಗಟ್ಟಿ, ಕೆಲವೊಮ್ಮೆ ನೀರು ತುಂಬಿ ಬಾತುಕೊಳ್ಳುತ್ತದೆ. ಎತ್ತರಿಸಿದ ಹಲಗೆ ಅಥವಾ ರಬ್ಬರ್ ಚಾಪೆ ಅಗತ್ಯ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಮುಧೋಳದಂಥ ಬೇಟೆನಾಯಿಗಳಿಗಂತೂ ಇದು ಬೇಕೇ ಬೇಕು.