ಕೋವಿ ಹಿಡಿದ ಮೇಷ್ಟ್ರು

ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗಲೆಲ್ಲ ನಾನು ಜೋಶುವಾ ಚೇಂಬರ್ಲೇನ್ ಹೆಸರಿನ ಹತ್ತಿರ ನಿಂತುಬಿಡುತ್ತೇನೆ. ಮೇಯ್ನ್ ರಾಜ್ಯದ ಬೋಡಿನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಯುರೋಪಿಗೆ ಹೋಗಿ ಭಾಷೆ ಕಲಿತು ಬಾ ಅಂತ ಕಾಲೇಜು ರಜೆ ಕೊಟ್ಟರೆ ಈ ಪುಣ್ಯಾತ್ಮ 1862ರಲ್ಲಿ ಸೀದಾ ಸೈನ್ಯ ಸೇರಿಬಿಟ್ಟ! ಕರ್ನಲ್ ಹುದ್ದೆ ಕೊಡುತ್ತೇವೆಂದರೂ ಬೇಡವೆಂದು, ಮೊದಲು ಕೆಲಸ ಕಲಿಯುತ್ತೇನೆ ಅಂತ ಒಂದು ಮೆಟ್ಟಿಲು ಕೆಳಗೇ ನಿಂತ.

1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನ ಲಿಟ್ಲ್ ರೌಂಡ್ ಟಾಪ್ ಗುಡ್ಡದಲ್ಲಿ, ಗುಂಡು ಮುಗಿಯುತ್ತಾ ಬಂದಾಗ ಇವನ 20ನೇ ಮೇಯ್ನ್ ಪಡೆ ಬಯೊನೆಟ್ ಹಿಡಿದು ಇಳಿಜಾರಿಗೆ ನುಗ್ಗಿದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಮೇ ತಿಂಗಳಲ್ಲಿ ನಡೆದದ್ದು. 2ನೇ ಮೇಯ್ನ್ ಪಡೆಯವರು ಅವಧಿ ಮುಗಿಸಿ ಊರಿಗೆ ಹೊರಟರು. 3 ವರ್ಷದ ಕಾಗದಕ್ಕೆ ಸಹಿ ಹಾಕಿದ್ದ ಸುಮಾರು 120 ಮಂದಿ ಮಾತ್ರ ಉಳಿದು, ಇನ್ನು ಹೋರಾಡೆವು ಅಂತ ಕೂತರು. ಅವರನ್ನು ಕಾವಲಿನಲ್ಲಿ, ಹಸಿದ ಹೊಟ್ಟೆಯಲ್ಲಿ ಕರೆತಂದು ಇವನಿಗೊಪ್ಪಿಸಿದರು. ಮಾತು ಕೇಳದಿದ್ದರೆ ಗುಂಡಿಕ್ಕಲು ಅನುಮತಿಯೂ ಇತ್ತು. ಮೇಷ್ಟ್ರು ಮೊದಲು ಊಟ ಹಾಕಿಸಿದ, ಕಾವಲು ತೆಗೆಸಿದ, ಅವರ ದೂರು ಕೇಳಿದ. ಬಹುಪಾಲು ಜನ ಮತ್ತೆ ಕೋವಿ ಹಿಡಿದರು. ಗುಡ್ಡದ ಮೇಲೆ ಇವನ ಬಳಿ ಇದ್ದದ್ದು 400ಕ್ಕೂ ಕಡಿಮೆ ಜನ... ಅವರಿಲ್ಲದೆ ಆ ಸಾಲು ನಿಲ್ಲುತ್ತಿತ್ತಾ? ನನಗಂತೂ ಅನುಮಾನ. (ಗುಡ್ಡದ ಸಾಹಸಕ್ಕೆ ಪದಕ ಬಂದದ್ದು 1893ರಲ್ಲಿ, ಸರ್ಕಾರಿ ಕೆಲಸ ಎಲ್ಲಾ ಕಡೆ ಹೀಗೇ ಅಂತ ಕಾಣುತ್ತೆ!)

1864ರ ಜೂನ್‌ನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಗುಂಡೊಂದು ಸೊಂಟವನ್ನೇ ಸೀಳಿತು. ಬದುಕಲಾರ ಅಂತ ಗ್ರ್ಯಾಂಟ್ ಅಲ್ಲೇ ಬ್ರಿಗೇಡಿಯರ್ ಜನರಲ್ ಮಾಡಿದ, ಪತ್ರಿಕೆಗಳು ಸಾವಿನ ಸುದ್ದಿಯನ್ನೂ ಹಾಕಿದವು. ಆಸಾಮಿ ತಿಂಗಳುಗಳಲ್ಲೇ ಮತ್ತೆ ಕುದುರೆ ಏರಿದ. 1865ರ ಏಪ್ರಿಲ್ 12ರಂದು ಅಪೊಮ್ಯಾಟಕ್ಸ್‌ನಲ್ಲಿ ಸೋತ ದಕ್ಷಿಣದ ಸೈನಿಕರು ಆಯುಧ ಇಡಲು ಬಂದಾಗ, ತನ್ನವರಿಂದ ಅವರಿಗೆ ಗೌರವ ಸಲ್ಲಿಸಿದವನೂ ಇವನೇ.

ಆಮೇಲೆ ಗವರ್ನರ್ ಆದ, ಅದೇ ಕಾಲೇಜಿನ ಅಧ್ಯಕ್ಷನೂ ಆದ. 1914ರಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡ. ಕಾರಣ, ಅದೇ ಪೀಟರ್ಸ್‌ಬರ್ಗ್‌ನ ಗಾಯ.